ಸ್ಕೋಪ್ ದೊಡ್ಡದೋ, ಗೋಡೆ ದೊಡ್ಡದೋ

ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ 1977ರ ‘ಸೊಸೆ ತಂದ ಸೌಭಾಗ್ಯ’. ಎ.ವಿ. ಶೇಷಗಿರಿ ರಾವ್ ನಿರ್ದೇಶನ, ತೆರೆಯ ಮೇಲೆ ವಿಷ್ಣುವರ್ಧನ್ ಮತ್ತು ಮಂಜುಳಾ. ತಮಿಳಿನವರು 1973ರಲ್ಲಿ ಸ್ಕೋಪಿಗೆ ಕೈ ಹಾಕಿದ್ದು ‘ರಾಜರಾಜ ಚೋಳನ್’ಗಾಗಿ, ತೆಲುಗಿನವರು 1974ರಲ್ಲಿ ‘ಅಲ್ಲೂರಿ ಸೀತಾರಾಮರಾಜು’ಗಾಗಿ. ಒಂದರಲ್ಲಿ ಚಕ್ರವರ್ತಿ, ಇನ್ನೊಂದರಲ್ಲಿ ಕಾಡು, ಬೆಟ್ಟ, ಬ್ರಿಟಿಷರ ಪಡೆ. ನಮ್ಮಲ್ಲಿ ಸೊಸೆ. ಇದನ್ನು ತಮಾಷೆಗೆ ಹೇಳಿದೆನಾದರೂ ಒಳಗಿರುವ ಪ್ರಶ್ನೆ ತಮಾಷೆಯದಲ್ಲ. ಪರದೆಯ ಅಗಲ ಎಷ್ಟಿರಬೇಕೆಂದು ಹೇಳಬೇಕಾದದ್ದು ಕಥೆಯೋ, ಚಿತ್ರಮಂದಿರವೋ? ಈಚೆಗೆ ಆ ಜಗಳಕ್ಕೆ ಮನೆಯ ಟಿವಿಯೂ ಬಂದು ಕೂತಿದೆ.

ಲೆಕ್ಕವನ್ನು ಮೊದಲು ಮುಗಿಸಿಬಿಡೋಣ. ಎತ್ತರವನ್ನು ಒಂದು ಎಂದುಕೊಂಡರೆ ಹಳೆಯ ಸಿನಿಮಾದ ಅಗಲ 1.37. ಹಳೆಯ ಡಬ್ಬಾ ಟಿವಿಯದು 1.33. ಈಗಿನ ಟಿವಿ 1.78. ಚಿತ್ರಮಂದಿರದವರು ‘ಫ್ಲಾಟ್’ ಅನ್ನುವುದು 1.85, ‘ಸ್ಕೋಪ್’ ಅನ್ನುವುದು ಮೊದಲು 2.35, ಈಗ 2.39. ಟಿವಿ ಮನೆಮನೆಗೆ ಬಂದು ಟಿಕೆಟ್ ಮಾರಾಟ ಕುಸಿದಾಗ ಹಾಲಿವುಡ್‌ನ ಫಾಕ್ಸ್ ಕಂಪನಿ 1953ರಲ್ಲಿ ‘ದಿ ರೋಬ್’ ಚಿತ್ರದ ಜೊತೆ ಸಿನಿಮಾಸ್ಕೋಪನ್ನು ಹೊರತಂದಿತು. ಕ್ಯಾಮೆರಾದ ಲೆನ್ಸು ದೃಶ್ಯದ ಅಗಲವನ್ನು ಅರ್ಧಕ್ಕೆ ಅದುಮಿ ಅದೇ 35 ಎಂ.ಎಂ. ರೀಲಿಗೆ ಇಳಿಸುತ್ತದೆ, ಪ್ರೊಜೆಕ್ಟರಿನ ಲೆನ್ಸು ಅದನ್ನು ಮತ್ತೆ ಅಗಲಿಸುತ್ತದೆ. ಅಂದರೆ ಸ್ಕೋಪ್ ಹುಟ್ಟಿದ್ದೇ ಟಿವಿಯಲ್ಲಿ ಸಿಗದ ಏನನ್ನಾದರೂ ತೋರಿಸಬೇಕೆಂಬ ಹಟದಿಂದ. ಮುಂದಿನ ತಕರಾರುಗಳಿಗೆಲ್ಲ ಬೀಜ ಅಲ್ಲಿದೆ.

ಭಾರತದ ಮೊದಲ ಸ್ಕೋಪ್ ಚಿತ್ರ, 1959ರ ‘ಕಾಗಜ್ ಕೆ ಫೂಲ್’, ಚಿತ್ರೀಕರಿಸಿದವರು ನಮ್ಮವರೇ. ಮೈಸೂರಿನಲ್ಲಿ ಹುಟ್ಟಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕ್ಯಾಮೆರಾ ಕಲಿತ ವಿ.ಕೆ. ಮೂರ್ತಿ. ಮುಂದೆ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಕೂಡ ಅವರೇ. ನಿರ್ದೇಶಕ ಗುರುದತ್ ಆ ಅಗಲವನ್ನು ದಂಡು, ದರಬಾರುಗಳಿಗೆ ಬಳಸಲಿಲ್ಲ. ಖಾಲಿ ಸ್ಟುಡಿಯೊ, ನಡುವೆ ಇಬ್ಬರು, ಮೇಲಿನಿಂದ ಇಳಿಯುವ ಬೆಳಕಿನ ಕೋಲು. ಸುತ್ತ ಅಷ್ಟು ಜಾಗ ಬರಿದಾಗಿ ಬಿದ್ದಿರುವುದರಿಂದಲೇ ಆ ಇಬ್ಬರು ಒಂಟಿಯಾಗಿ ಕಾಣುತ್ತಾರೆ. ಸ್ಕೋಪ್ ಅಂದರೆ ಬರೀ ಆಡಂಬರ ಎಂದು ವಾದಿಸುವವರು ಈ ಚಿತ್ರಕ್ಕೆ ಉತ್ತರ ಕೊಡಬೇಕಾಗುತ್ತದೆ. ಆದರೆ ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಮಕಾಡೆ ಮಲಗಿತು ಎಂಬುದನ್ನೂ ಮರೆಯುವಂತಿಲ್ಲ. ಅಗಲದ ಪರದೆ ಜನರನ್ನು ಕರೆತಂದೇ ತರುತ್ತದೆ ಎಂಬ ಮಾತೂ ಅಲ್ಲೇ ಬಿತ್ತು.

ಉತ್ತರ ಬೆಂಗಳೂರಿನವರಿಗೆ ಸ್ಕೋಪಿನ ಪರಿಚಯ ಆಗಿದ್ದು ಯಶವಂತಪುರದ ಗೋವರ್ಧನ, ಆರ್.ಟಿ. ನಗರದ ರಾಧಾಕೃಷ್ಣದಂಥ ಸಿಂಗಲ್ ಸ್ಕ್ರೀನ್‌ಗಳ ಕಾಲದಲ್ಲಿ. ಆ ಪೀಳಿಗೆಯ ಚಿತ್ರಮಂದಿರಗಳಲ್ಲಿ ಒಂದು ಪದ್ಧತಿ ಇತ್ತು. ನ್ಯೂಸ್ ರೀಲು, ಜಾಹೀರಾತಿನ ಸ್ಲೈಡುಗಳು ಚಿಕ್ಕ ಚೌಕದಲ್ಲಿ ಮುಗಿಯುತ್ತಿದ್ದವು. ಸೆನ್ಸಾರ್ ಸರ್ಟಿಫಿಕೇಟ್ ಬರುವ ಹೊತ್ತಿಗೆ ಎರಡು ಬದಿಯ ಕಪ್ಪು ಬಟ್ಟೆ ಸರಿದು ಪರದೆ ಗೋಡೆಯ ಆ ತುದಿಯಿಂದ ಈ ತುದಿಯವರೆಗೆ ಬಿಚ್ಚಿಕೊಳ್ಳುತ್ತಿತ್ತು. ಮುಂದಿನ ಬೆಂಚಿನವರು ಸಿಳ್ಳೆ ಹಾಕುತ್ತಿದ್ದುದು ಎಷ್ಟೋ ಸಲ ಹೀರೋಗಿಂತ ಮೊದಲು ಆ ಬಟ್ಟೆಗೆ. ಎತ್ತರ ಅಷ್ಟೇ, ಅಗಲ ಮಾತ್ರ ಹೆಚ್ಚು. ಅಂಥ ಕಡೆ ಸ್ಕೋಪ್ ನಿಜವಾಗಿಯೂ ದೊಡ್ಡದು. ನಿರ್ದೇಶಕರು ಅದನ್ನು ಆರಿಸಿಕೊಂಡರೆ ಪ್ರೇಕ್ಷಕನಿಗೆ ಕೊಟ್ಟ ದುಡ್ಡಿಗೆ ಹೆಚ್ಚು ಚದರಡಿ ಸಿಗುತ್ತಿತ್ತು.

ಮಲ್ಟಿಪ್ಲೆಕ್ಸು ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಹೆಬ್ಬಾಳದ ಹತ್ತಿರದ ಮಾಲ್ ಇರಲಿ, ಯಲಹಂಕದ್ದಿರಲಿ, ಇಂದಿನ ಪರದೆಗಳಲ್ಲಿ ಎಷ್ಟೋ ಫ್ಲಾಟ್ ಆಕಾರಕ್ಕೆ ಹತ್ತಿರ. ಹಾಲ್ ಕಿರಿದು, ಅಗಲ ಮೊದಲೇ ಗೋಡೆಯಿಂದ ಗೋಡೆಗೆ ಮುಗಿದಿರುತ್ತದೆ. ಅಲ್ಲಿ ಸ್ಕೋಪ್ ಚಿತ್ರ ಬಿಟ್ಟರೆ ಅಗಲ ಬೆಳೆಯುವುದಿಲ್ಲ, ಎತ್ತರ ಕುಗ್ಗುತ್ತದೆ. ಮೇಲೂ ಕೆಳಗೂ ಬೂದುಗಪ್ಪು ಪಟ್ಟಿ, ಅದನ್ನು ಮುಚ್ಚುವ ಬಟ್ಟೆಯೂ ಎಷ್ಟೋ ಕಡೆ ಇರುವುದಿಲ್ಲ. ಡಿಜಿಟಲ್ ಪ್ರೊಜೆಕ್ಷನ್ನಿನ 2ಕೆ ಲೆಕ್ಕದಲ್ಲಿ ಸ್ಕೋಪ್ ಚಿತ್ರ 2048 × 858 ಪಿಕ್ಸೆಲ್, ಫ್ಲಾಟ್ 1998 × 1080. ಗುಣಿಸಿ ನೋಡಿದರೆ ಸ್ಕೋಪಿಗೆ ಸುಮಾರು 17.6 ಲಕ್ಷ, ಫ್ಲಾಟಿಗೆ 21.6 ಲಕ್ಷ. ಪೋಸ್ಟರಿನಲ್ಲಿ ದೊಡ್ಡದೆಂದು ಮೆರೆಯುವ ಆಕಾರಕ್ಕೇ ಕಡಿಮೆ ಚುಕ್ಕಿ. ಐಮ್ಯಾಕ್ಸ್ ಬಂದ ಮೇಲಂತೂ ‘ದೊಡ್ಡದು’ ಅಂದರೆ ಎತ್ತರದ್ದು ಎಂಬ ಅರ್ಥ ಬಂದಿದೆ. 2022ರಲ್ಲಿ ‘ಕೆಜಿಎಫ್ ಚಾಪ್ಟರ್ 2’ ಐಮ್ಯಾಕ್ಸಿನಲ್ಲಿ ಬಿಡುಗಡೆಯಾದ ಮೊದಲ ಕನ್ನಡ ಚಿತ್ರವಾಯಿತು. ಐಮ್ಯಾಕ್ಸಿನ ಡಿಜಿಟಲ್ ಪರದೆಯ ಅಗಲ 1.90, ಸ್ಕೋಪಿಗಿಂತ ಎಷ್ಟೋ ಚೌಕ.

ಹಾಗಿದ್ದರೂ ನಮ್ಮ ನಿರ್ದೇಶಕರು ಬಹುಪಾಲು ಸ್ಕೋಪನ್ನೇ ಹಿಡಿದಿರುವುದು ಬರೀ ಅಭ್ಯಾಸಬಲದಿಂದಲ್ಲ. ಇಬ್ಬರ ಮುಖ ಹತ್ತಿರದಿಂದ ಒಂದೇ ಫ್ರೇಮಿನಲ್ಲಿ ಬೇಕೆಂದಾಗ, ಮಾತಾಡುವವನ ಜೊತೆ ಮೂಲೆಯಲ್ಲಿ ಸುಮ್ಮನೆ ಕೂತವಳೂ ಕಾಣಬೇಕೆಂದಾಗ ಅಗಲ ಕೆಲಸಕ್ಕೆ ಬರುತ್ತದೆ. ಹೆಬ್ಬಾಳದ ಫ್ಲೈಓವರನ್ನು ಡ್ರೋನಿನಲ್ಲಿ ತೆಗೆದವರಿಗೆ ಗೊತ್ತು, ಒಂದರ ಮೇಲೊಂದು ಹರಿದ ಆ ರಸ್ತೆಗಳೂ ಪಕ್ಕದ ಕೆರೆಯೂ ಚೌಕದಲ್ಲಿ ಹಿಡಿಯುವುದಿಲ್ಲ. ಅದೇ ಯಲಹಂಕದ ಹೊಸ ಅಪಾರ್ಟ್‌ಮೆಂಟುಗಳ ಮುಂದೆ ಒಬ್ಬಳನ್ನು ನಿಲ್ಲಿಸಿ ‘ಎಷ್ಟು ಎತ್ತರದ ಊರು, ಎಷ್ಟು ಸಣ್ಣ ಮನುಷ್ಯ’ ಎಂದು ತೋರಿಸಬೇಕಾದರೆ ಸ್ಕೋಪ್ ಕೈಕೊಡುತ್ತದೆ, ನಾಲ್ಕನೇ ಮಹಡಿಗೆ ಫ್ರೇಮ್ ಮುಗಿದಿರುತ್ತದೆ. ಕಥೆಗೆ ತಕ್ಕ ಆಕಾರ ಎಂಬ ಮಾತಿಗೆ ಇಷ್ಟರ ಮಟ್ಟಿಗೆ ಅರ್ಥವಿದೆ. ತೊಂದರೆ ಬರುವುದು ಒಂದೇ ಸಿನಿಮಾದಲ್ಲಿ ಫ್ಲೈಓವರೂ ಇದ್ದು ಅಪಾರ್ಟ್‌ಮೆಂಟೂ ಇದ್ದಾಗ.

ಇನ್ನು ಮನೆಯ ಕಥೆ. ಯಲಹಂಕ ನ್ಯೂ ಟೌನಿನಲ್ಲಿರುವ ನಮ್ಮ ದೊಡ್ಡಪ್ಪನವರಿಗೆ ಟಿವಿಯ ಮೇಲೆ ಕೆಳಗೆ ಕರಿ ಪಟ್ಟಿ ಕಂಡರೆ ಆಗುವುದಿಲ್ಲ. ಸಿನಿಮಾ ಶುರುವಾದ ಕೂಡಲೇ ರಿಮೋಟಿನಲ್ಲಿ ‘ಜೂಮ್’ ಒತ್ತುತ್ತಾರೆ. “ಬೇಡ ದೊಡ್ಡಪ್ಪ, ಸೈಡ್ ಕಟ್ ಆಗತ್ತೆ” ಅಂದರೆ, “ಕಾಲುಭಾಗ ಕರೀದು ನೋಡಕ್ಕೇನಪ್ಪಾ ಇಷ್ಟು ದುಡ್ಡು ಸುರಿದು ನಲವತ್ಮೂರು ಇಂಚು ತಂದಿದ್ದು?” ಎನ್ನುತ್ತಾರೆ. ಅವರ ಲೆಕ್ಕ ಕರಾರುವಾಕ್ಕಾಗಿದೆ. 43 ಇಂಚಿನ ಟಿವಿಯ ಅಗಲ ಸುಮಾರು 95 ಸೆಂಟಿಮೀಟರ್, ಎತ್ತರ 53 ಚಿಲ್ಲರೆ. ಸ್ಕೋಪ್ ಚಿತ್ರಕ್ಕೆ ಅದರಲ್ಲಿ 40 ಸೆಂಟಿಮೀಟರ್ ಎತ್ತರ ಸಾಕು, ಉಳಿದದ್ದು ಕಪ್ಪು. ನಿಜಕ್ಕೂ ಕಾಲುಭಾಗ. ಆದರೆ ಜೂಮ್ ಒತ್ತಿದಾಗ ಕಳೆಯುವುದೂ ಚಿತ್ರದ ಕಾಲುಭಾಗವೇ, ಒಂದೊಂದು ಬದಿಯಲ್ಲಿ ಎಂಟನೇ ಒಂದರಷ್ಟು. ಮೂಲೆಯಲ್ಲಿ ಸುಮ್ಮನೆ ಕೂತ ಆ ಹೆಂಗಸು ಮೊದಲು ಹೋಗುತ್ತಾಳೆ. ದೊಡ್ಡಪ್ಪನವರಿಗೆ ಅವಳು ಇದ್ದದ್ದೇ ಗೊತ್ತಿರುವುದಿಲ್ಲವಾದ್ದರಿಂದ ನಷ್ಟವೂ ಗೊತ್ತಾಗುವುದಿಲ್ಲ. ಅವರದು ಮೂರ್ಖತನ ಎಂದು ನನಗೆ ಹೇಳಲಾಗದು. ಎಂಟು ಅಡಿ ದೂರದ ಸೋಫಾದಲ್ಲಿ ಕನ್ನಡಕ ಹಾಕಿ ಕೂತವರಿಗೆ ಮುಖ ದೊಡ್ಡದಾಗಿ ಕಾಣುವುದೇ ಮುಖ್ಯ.

ಡಬ್ಬಾ ಟಿವಿಯ ಕಾಲದಲ್ಲಿ ಈ ಸಂಕಟ ಇನ್ನೂ ಹೆಚ್ಚು. ಜೆ.ಸಿ. ನಗರದ ದೂರದರ್ಶನ ಕೇಂದ್ರದಿಂದ ವಾರಕ್ಕೊಂದು ಕನ್ನಡ ಸಿನಿಮಾ ಬರುತ್ತಿದ್ದಾಗ ಇಪ್ಪತ್ತೊಂದು ಇಂಚಿನ ಸೆಟ್ಟು ಇದ್ದವರೇ ಭಾಗ್ಯವಂತರು. ಅದರಲ್ಲಿ ಸ್ಕೋಪನ್ನು ಪೂರ್ತಿ ತೋರಿಸಿದರೆ ಚಿತ್ರದ ಎತ್ತರ ಒಂದು ಗೇಣಿಗಿಂತ ಕಡಿಮೆ. ಹಾಗಾಗಿ ಆ ಕಾಲದಲ್ಲಿ ಲೋಕದ ಎಲ್ಲ ಕಡೆ ಟಿವಿಯವರು, ಕ್ಯಾಸೆಟ್ಟಿನವರು ಬದಿಗಳನ್ನು ಕತ್ತರಿಸಿದರು. ಹೆಸರು ತೋರಿಸುವಾಗ ಅಕ್ಷರ ಕತ್ತರಿಸಿ ಹೋಗಬಾರದೆಂದು ಆ ಭಾಗವನ್ನಷ್ಟೇ ಅದುಮಿದ ಹಾಗೇ ಬಿಡುತ್ತಿದ್ದುದುಂಟು. ನಟನಟಿಯರು ಬಡಕಲಾಗಿ, ಉದ್ದವಾಗಿ ಕಂಡು, ನಿರ್ದೇಶಕರ ಹೆಸರು ಮುಗಿದ ಕೂಡಲೇ ಒಮ್ಮೆಗೇ ಮೈತುಂಬಿಕೊಳ್ಳುತ್ತಿದ್ದರು. ಎಡತುದಿಯಲ್ಲೊಬ್ಬ ಬಲತುದಿಯಲ್ಲೊಬ್ಬ ನಿಂತು ಮಾತಾಡುವ ಶಾಟಿನಲ್ಲಿ ಇಬ್ಬರ ಮೂಗು ಮಾತ್ರ ಉಳಿಯುತ್ತಿತ್ತು.

ಇದನ್ನು ಸಹಿಸದ ನಿರ್ದೇಶಕರೂ ಇದ್ದರು. ಸಿಡ್ನಿ ಪೊಲಾಕ್ ತಮ್ಮ ‘ಥ್ರೀ ಡೇಸ್ ಆಫ್ ದ ಕಾಂಡೊರ್’ ಚಿತ್ರವನ್ನು ಬದಿ ಕತ್ತರಿಸಿ ತೋರಿಸಿದ್ದಕ್ಕೆ ಡೆನ್ಮಾರ್ಕಿನ ಟಿವಿಯ ಮೇಲೆ ದಾವೆ ಹೂಡಿದರು. ಕತ್ತರಿಸುವುದು ಕೃತಿಗೆ ಮಾಡಿದ ಅಂಗಭಂಗವೇ ಸರಿ ಎಂದು ಕೋರ್ಟ್ ಒಪ್ಪಿತು, ಆದರೆ ಬೇರೊಂದು ತಾಂತ್ರಿಕ ಕಾರಣಕ್ಕೆ ಗೆದ್ದದ್ದು ಟಿವಿಯವರೇ. ಆ ದಾವೆಗೂ ಮೊದಲೇ, ಹೇಗಿದ್ದರೂ ಕತ್ತರಿಸುತ್ತಾರೆಂದು ಪೊಲಾಕ್ 1985ರ ‘ಔಟ್ ಆಫ್ ಆಫ್ರಿಕಾ’ವನ್ನು 1.85ರಲ್ಲಿ ತೆಗೆದರು. ಆಫ್ರಿಕಾದ ಆ ಬಯಲಿಗೆ! ಮತ್ತೆ ಸ್ಕೋಪಿಗೆ ಬಂದದ್ದು 2005ರ ‘ದಿ ಇಂಟರ್‌ಪ್ರಿಟರ್’ನಲ್ಲಿ, ಅಗಲದ ಟಿವಿಗಳು ಮನೆಗೆ ಬರತೊಡಗಿದ ಮೇಲೆ. ಹತ್ತಿರಹತ್ತಿರ ಇಪ್ಪತ್ತು ವರ್ಷ ಒಬ್ಬ ನಿರ್ದೇಶಕನ ಫ್ರೇಮನ್ನು ಅಳೆದುಕೊಟ್ಟದ್ದು ಯಾರದೋ ಮನೆಯ ನಡುಮನೆ. ವೂಡಿ ಆಲನ್ ಇನ್ನೊಂದು ದಾರಿ ಹಿಡಿದರು. ‘ಮ್ಯಾನ್‌ಹಟನ್’ ವಿಡಿಯೊ ಕ್ಯಾಸೆಟ್ಟಾಗಿ ಬರುವುದಾದರೆ ಪಟ್ಟಿಯ ಸಮೇತ ಪೂರ್ತಿ ಅಗಲದಲ್ಲೇ ಬರಬೇಕೆಂದು ಪಟ್ಟು ಹಿಡಿದು ಗೆದ್ದರು.

ಚೌಕಟ್ಟು ಮುಟ್ಟಬೇಡಿ ಎನ್ನುವ ಪಕ್ಷ ಇದು. ಎದುರು ಪಕ್ಷದಲ್ಲಿರುವವರೂ ಸಣ್ಣಪುಟ್ಟವರಲ್ಲ. ಸ್ಟ್ಯಾನ್ಲಿ ಕುಬ್ರಿಕ್ ‘ದಿ ಶೈನಿಂಗ್’ ತೆಗೆದದ್ದು ಚಿತ್ರಮಂದಿರದಲ್ಲಿ 1.85ಕ್ಕೆ ಕಾಣುವಂತೆ, ಆದರೆ ರೀಲಿನ ಮೇಲೆ ಕೆಳಗಿನ ಜಾಗವನ್ನೂ ಹದ್ದುಬಸ್ತಿನಲ್ಲಿ ಇಟ್ಟುಕೊಂಡೇ ತೆಗೆದರು. ಮನೆಯ ಕ್ಯಾಸೆಟ್ಟಿಗೆ ಅವರು ಒಪ್ಪಿದ್ದು ಆ ಪೂರ್ತಿ 1.33ರ ಚಿತ್ರವನ್ನೇ, ಟಿವಿ ತುಂಬುವ ಹಾಗೆ. ನಮ್ಮ ರಾಮನಗರದ ಬಂಡೆಗಳ ನಡುವೆ ತಯಾರಾದ ‘ಶೋಲೆ’ (1975) ಕೂಡ ಇದೇ ಜಾತಿ. 35 ಎಂ.ಎಂ.ನಲ್ಲಿ ತೆಗೆದು, ಮೇಲೆ ಕೆಳಗೆ ಕತ್ತರಿಸಿ 70 ಎಂ.ಎಂ.ಗೆ ಹಿಗ್ಗಿಸಿದ ಚಿತ್ರ ಅದು. ಎಲ್ಲಿ ಕತ್ತರಿ ಬೀಳುತ್ತದೆ ಎಂಬ ಗೆರೆಯನ್ನು ಕಣ್ಣಮುಂದಿಟ್ಟುಕೊಂಡೇ ಕ್ಯಾಮೆರಾಮನ್ ದ್ವಾರಕಾ ದಿವೇಚಾ ಶೂಟ್ ಮಾಡಿದರು. ಹಾಗಾಗಿ ಕ್ಯಾಸೆಟ್ಟಿನಲ್ಲಿ ‘ಶೋಲೆ’ ನೋಡಿದವರು ದೊಡ್ಡ ಪರದೆಯವರಿಗಿಂತ ಹೆಚ್ಚು ಆಕಾಶ, ಹೆಚ್ಚು ನೆಲ ನೋಡಿದ್ದಾರೆ. ಹೆಚ್ಚು ಕಂಡದ್ದೆಲ್ಲ ತೋರಿಸಬೇಕೆಂದು ಇಟ್ಟದ್ದೇನಲ್ಲ ಎಂಬುದು ಬೇರೆ ಮಾತು.

ಇವೆಲ್ಲ ಆಕಾರ ನಿರ್ಧರಿಸಿದವರು ಬದುಕಿದ್ದಾಗಿನ, ಅವರ ಕಣ್ಣೆದುರಿನ ಸಂಗತಿ. ನನಗೆ ಹೆಚ್ಚು ತೊಡಕೆನಿಸುವುದು ‘ನಾಗರಹಾವು’. ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆಗೆದ ಈ ಚಿತ್ರ 2018ರ ಜುಲೈನಲ್ಲಿ ಡಿಜಿಟಲ್ ಆಗಿ, ಹೊಸ 7.1 ಸದ್ದಿನೊಂದಿಗೆ, ಸ್ಕೋಪಿಗೆ ಹಿಗ್ಗಿ ಮತ್ತೆ ಚಿತ್ರಮಂದಿರಕ್ಕೆ ಬಂತು. ಪುಟ್ಟಣ್ಣ ತೀರಿಕೊಂಡದ್ದು 1985ರಲ್ಲಿ, ಕೇಳುವ ಮಾತೇ ಇರಲಿಲ್ಲ. ಅದಕ್ಕೂ ಮುಂಚೆ 2008ರಲ್ಲಿ ‘ಸತ್ಯ ಹರಿಶ್ಚಂದ್ರ’, 2014ರಲ್ಲಿ ‘ಕಸ್ತೂರಿ ನಿವಾಸ’ ಬಣ್ಣ ತುಂಬಿಸಿಕೊಂಡು ಬಂದಿದ್ದವು. ಬಣ್ಣದ ಬಗ್ಗೆ ಪರ ವಿರೋಧ ಬೇಕಾದಷ್ಟು ಕೇಳಿಬಂತು. ಆಕಾರದ ಮಾತು ಎತ್ತಿದವರು ಕಡಿಮೆ.

ಲೆಕ್ಕ ಹಾಕಿದರೆ, 1.37ರ ಚಿತ್ರದ ಅಗಲವನ್ನು ಹಾಗೇ ಇಟ್ಟು 2.39 ಮಾಡಬೇಕಾದರೆ ನೂರಕ್ಕೆ 43 ಭಾಗ ಬಿಡಬೇಕಾಗುತ್ತದೆ. ಡಬ್ಬಾ ಟಿವಿ ಸ್ಕೋಪಿನಿಂದ ಕಿತ್ತುಕೊಂಡದ್ದೂ ಹತ್ತಿರಹತ್ತಿರ ಅಷ್ಟೇ. ಆಗ ಹೋದದ್ದು ತೋಳು, ಈಗ ಹೋಗುವುದು ತಲೆ, ಕಾಲು. ‘ನಾಗರಹಾವು’ ಚಿತ್ರದ ಹಾಡಿನಲ್ಲಿ ಒನಕೆ ಎತ್ತಿ ನಿಂತ ಓಬವ್ವನ ಆಳೆತ್ತರದ ಶಾಟ್ ಒಂದನ್ನು ಕಣ್ಣಮುಂದೆ ತಂದುಕೊಳ್ಳಿ. ಹಳೆಯ ಚೌಕದಲ್ಲಿ ಒನಕೆಯ ತುದಿಯಿಂದ ಪಾದದವರೆಗೆ ಜಾಗವಿದೆ. ಸ್ಕೋಪಿನಲ್ಲಿ ಕಂಪ್ಯೂಟರ್ ಮುಂದೆ ಕೂತವನು ಒನಕೆ ಇಟ್ಟುಕೊಳ್ಳಲೋ ಪಾದ ಇಟ್ಟುಕೊಳ್ಳಲೋ ಎಂದು ನಿರ್ಧರಿಸಬೇಕು. ಶಾಟಿನಿಂದ ಶಾಟಿಗೆ ಚೌಕಟ್ಟನ್ನು ಮೇಲೆ ಕೆಳಗೆ ಸರಿಸುತ್ತಾ ಜಾಣತನದಿಂದ ಮಾಡಬಹುದು, ಮಾಡುತ್ತಾರೆ ಕೂಡ. ಆದರೂ ಅದು ಹೊಸ ನಿರ್ದೇಶನವೇ. ಚಿತ್ರದುರ್ಗದ ಕೋಟೆ ಬೇರೆ, ಮಲಗಿದ ಊರಲ್ಲ, ನಿಂತ ಊರು. ಬುರುಜು, ಮೆಟ್ಟಿಲು, ಕಳ್ಳಗಿಂಡಿ, ಎಲ್ಲವೂ ಎತ್ತರದ ಲೆಕ್ಕದವು.

ಆದರೆ ಹಿಗ್ಗಿಸಿದವರ ಜಾಗದಲ್ಲೂ ಒಮ್ಮೆ ನಿಂತು ನೋಡಬೇಕು. ನೆಗೆಟಿವ್ ಹುಡುಕಿ, ಗೀರು ತೆಗೆದು, ಸದ್ದು ಮರುಜೋಡಿಸಲು ದುಡ್ಡು ಹಾಕಿದವರು ಅವರು. ಎಡಬಲದಲ್ಲಿ ಕಪ್ಪು ಬಿಟ್ಟು ನಡುವೆ ಚೌಕ ತೋರಿಸಿದರೆ ಮಾಲಿನಲ್ಲಿ ಟಿಕೆಟ್ ಕೊಂಡ ಹುಡುಗ ‘ಇದೇನು, ಯೂಟ್ಯೂಬ್ ಹಾಕಿದ್ದಾರಾ?’ ಅನ್ನುತ್ತಾನೆ ಎಂಬ ಭಯ ಸುಳ್ಳಲ್ಲ. ವಿಷ್ಣುವರ್ಧನ್ ತೀರಿಕೊಂಡು ಎಂಟು ವರ್ಷಕ್ಕೂ ಹೆಚ್ಚಾದ ಮೇಲೆ, ಚಿತ್ರದಲ್ಲಿ ಅವರು ಅಭಿನಯಿಸಿದ ರಾಮಾಚಾರಿಯನ್ನು ಟಿವಿಯಲ್ಲಿ ಬಿಟ್ಟು ಬೇರೆಲ್ಲೂ ಕಾಣದ ಮಕ್ಕಳು ಅವನನ್ನು ಮೂವತ್ತಡಿ ಅಗಲದಲ್ಲಿ ನೋಡಿದರು. ಆ ಸುಖವನ್ನು ಶೇಕಡಾ ಲೆಕ್ಕದಲ್ಲಿ ಕಳೆಯಲು ಬರುವುದಿಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವಕ್ಕೆ ಹೋದದ್ದು ಇನ್ನೊಂದು ದಾರಿಯಲ್ಲಿ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸೆಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಬೆನ್ನಿಗಿದ್ದವು, ಮೂಲದಂತೆಯೇ ಉಳಿಸುವುದು ಆ ಕೆಲಸದ ಧರ್ಮ. ಟಿಕೆಟ್ ಮಾರಿ ಹಾಕಿದ ದುಡ್ಡು ತೆಗೆಯಬೇಕಾದ ತುರ್ತು ಅಲ್ಲಿರಲಿಲ್ಲ. ಯಶವಂತಪುರದ ಪಕ್ಕದ ಓರಾಯನ್ ಮಾಲಿನಲ್ಲಿ ಬೆಂಗಳೂರು ಚಿತ್ರೋತ್ಸವ ನಡೆದ ವರ್ಷಗಳಲ್ಲಿ ಹಳೆಯ ಚೌಕದ ಚಿತ್ರಗಳನ್ನು ಎಡಬಲದ ಕಪ್ಪಿನ ಸಮೇತ ಜನ ಗೊಣಗದೆ ನೋಡಿದ್ದಾರೆ. ಪರದೆ ಅದೇ, ಬಂದ ಜನ ಬೇರೆ.

ನನ್ನ ಮಟ್ಟಿಗೆ ‘ನಾಗರಹಾವು’ ಸ್ಕೋಪಿನಲ್ಲಿ ಬಂದದ್ದು ಅಪರಾಧವಲ್ಲ. ಅದೊಂದೇ ‘ನಾಗರಹಾವು’ ಆಗಿಬಿಟ್ಟರೆ ಮಾತ್ರ ಅನ್ಯಾಯ. ಅದೇ ಶುಚಿ ಮಾಡಿದ ಪ್ರತಿ ಮೂಲದ ಆಕಾರದಲ್ಲೂ ಮನೆಗೆ ಸಿಗುವಂತಿದ್ದರೆ ಜಗಳ ಮುಗಿಯಿತು. ಓಟಿಟಿಯಲ್ಲಿ ಎರಡು ಆವೃತ್ತಿ ಇಡಲು ಗೋದಾಮು ಬೇಕಾಗಿಲ್ಲ.

ಹೊಸ ಸಿನಿಮಾಗಳ ಸ್ಥಿತಿ ಬೇರೆ. ಇಂದಿನ ಸ್ಕೋಪ್ ಎಷ್ಟೋ ಸಲ ಅದುಮುವ ಲೆನ್ಸಿನದಲ್ಲ, ಡಿಜಿಟಲ್ ಕ್ಯಾಮೆರಾ ಹಿಡಿದ ಎತ್ತರದ ಚಿತ್ರದಿಂದ ನಡುವಿನ ಪಟ್ಟಿಯನ್ನು ಕತ್ತರಿಸಿದ್ದು. ಕಂಠೀರವ ಸ್ಟುಡಿಯೊದಲ್ಲಿ ಇಂದು ಶೂಟಿಂಗ್ ಇದ್ದರೆ ಮಾನಿಟರಿನ ಮೇಲೆ ಸ್ಕೋಪಿನ ಗೆರೆ, ಬೇಕೆಂದರೆ ಅದರ ಹೊರಗೆ ಟಿವಿಯ ಗೆರೆ, ರೀಲ್ಸ್‌ಗೆಂದು ಮೊಬೈಲಿನ ನಿಂತ ಗೆರೆ, ಮೂರನ್ನೂ ಎಳೆದುಕೊಳ್ಳಬಹುದು. ಮೂರರಲ್ಲೂ ಕೂರುವ ಫ್ರೇಮ್ ಬೇಕೆಂದು ಹೊರಟರೆ ಎಲ್ಲರೂ ನಡುವೆ ಬಂದು ನಿಲ್ಲುತ್ತಾರೆ, ಗ್ರೂಪ್ ಫೋಟೊ ಆಗುತ್ತದೆ. ಮನೆಯವರಿಗಾಗಿ ಮೇಲೆ ಕೆಳಗೆ ತೆರೆದು ಕೊಡೋಣವೆಂದರೆ ಅಲ್ಲಿ ಮೈಕಿನ ಕೋಲು, ಲೈಟಿನ ಸ್ಟ್ಯಾಂಡು ಇರುತ್ತದೆ. ಗ್ರಾಫಿಕ್ಸ್ ತುಂಬಿದ ಶಾಟುಗಳಲ್ಲಿ ಸಾಮಾನ್ಯವಾಗಿ ಸ್ಕೋಪಿನ ಗೆರೆಯಾಚೆ ಏನನ್ನೂ ಮಾಡಿಸಿಯೇ ಇರುವುದಿಲ್ಲ, ಮಾಡಿಸಿದರೆ ಖರ್ಚು. ಇಟಲಿಯ ಛಾಯಾಗ್ರಾಹಕ ವಿತ್ತೋರಿಯೊ ಸ್ತೊರಾರೊ 1998ರಲ್ಲೇ ಟಿವಿ, ಸ್ಕೋಪ್ ಎರಡಕ್ಕೂ ಮಧ್ಯದ 2.00 ಎಂಬ ಆಕಾರವನ್ನು ಸೂಚಿಸಿದ್ದರು. ಆಗ ಹೆಚ್ಚು ಜನ ಕಿವಿಗೊಡಲಿಲ್ಲ, ಈಗ ವೆಬ್ ಸರಣಿಗಳಲ್ಲಿ ಅದು ಮಾಮೂಲು. ಅದರ ಹಿತವೂ ಕೊರತೆಯೂ ಒಂದೇ, ಎಲ್ಲಿ ಹಾಕಿದರೂ ಸ್ವಲ್ಪವೇ ಕಪ್ಪು.

ಇಷ್ಟೆಲ್ಲ ಮಾತಾಡುವಾಗ ನಿರ್ದೇಶಕ ಆರಿಸುತ್ತಾನೆ, ನಿರ್ದೇಶಕ ಒಪ್ಪುತ್ತಾನೆ ಅನ್ನುತ್ತಾ ಬಂದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಹಾಗೆ ಅನ್ನುವುದಿಲ್ಲ. ಕೃತಿಯನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕನ್ನು ಅದರ 57ನೇ ಕಲಮು ಕರ್ತೃವಿಗೆ ಕೊಟ್ಟಿದೆ, ಆದರೆ ಸಿನಿಮಾದ ಕರ್ತೃ ನಿರ್ಮಾಪಕ ಎಂದು ಅದೇ ಕಾಯ್ದೆ ಹೇಳುತ್ತದೆ. ಸ್ಯಾಟಲೈಟ್ ಹಕ್ಕು, ಓಟಿಟಿ ಹಕ್ಕು ಮಾರುವ ಮೇಜಿನ ಮೇಲೆ ಆಕಾರವೂ ಮಾರಾಟಕ್ಕಿದೆ ಎಂದಾಯಿತು. ದುಡ್ಡು ಹಾಕಿದವನಿಗೆ ಹಕ್ಕು ಇರಬೇಕಾದದ್ದು ನ್ಯಾಯವೇ, ಅವನ ಮನೆ ಪತ್ರವೇ ಅಡಮಾನದಲ್ಲಿರುತ್ತದೆ. ನಿರ್ದೇಶಕರಿಗೆ ಉಳಿಯುವುದು ವೂಡಿ ಆಲನ್ ಹಿಡಿದ ದಾರಿ. ಸಂಭಾವನೆ ಎಷ್ಟು ಕಂತಿನಲ್ಲಿ ಎಂದು ಬರೆಸಿಕೊಳ್ಳುವ ಅದೇ ಕರಾರುಪತ್ರದಲ್ಲಿ, ಟಿವಿಗೆ ಕೊಡುವ ಪ್ರತಿಯ ಅಗಲ ಇಷ್ಟು, ಬದಲಿಸುವುದಾದರೆ ನನ್ನನ್ನು ಕರೆದು ನನ್ನೆದುರಿಗೇ ಬದಲಿಸಿ, ಎಂದು ಇನ್ನೊಂದು ಸಾಲು ಸೇರಿಸುವುದು.